ಎಡಗೈಯ ಪುಟಗಳು

ಮಗಳು ಬಂದು ಅರ್ಧ ಗಂಟೆಯಾಗಿತ್ತು. ಮಗುವನ್ನು ಕಂಕುಳಿಂದ ಇನ್ನೂ ಕೆಳಗಿಳಿಸಿರಲಿಲ್ಲ. ಮೇಜಿನ ಮೇಲೆ ಅನ್ನ ಆರುತ್ತಿತ್ತು, ಬೇಯಿಸಿದ ಮೊಟ್ಟೆಗಳು ಬಟ್ಟಲಿನಲ್ಲಿ ಬೆವರುತ್ತಿದ್ದವು. ಮನೆಯ ಮೂವರು ಹಿರಿಯರು ಕುರ್ಚಿ ಎಳೆದುಕೊಂಡು ಅವಳು ಕೂರುವುದನ್ನೇ ಕಾಯುತ್ತಿದ್ದರು. ಅವಳು ಬಾಗಿಲ ಪರದೆಯನ್ನು ಮೂಗಿಗೆ ಹಿಡಿದಳು, ಸೋಫಾದ ದಿಂಬನ್ನು ಎತ್ತಿ ಮೂಸಿದಳು, ಕೊನೆಗೆ ಅಪ್ಪನ ಹತ್ತಿರ ಬಂದು ಅವನ ಅಂಗಿಯ ಕಾಲರನ್ನು ಮೂಸಿದಳು.

“ಆರು ವಾರ, ಅಪ್ಪ,” ಎಂದಳು. “ಆರು ವಾರಕ್ಕೆ ನನ್ನ ರಜೆ ಮುಗಿಯುತ್ತೆ. ಅಷ್ಟರಲ್ಲಿ ಈ ಮನೇಲಿ ಹೊಗೆ ವಾಸನೆ ಇರಬಾರದು. ಪರದೇಲೂ ಇರಬಾರದು, ನಿನ್ನ ಮೈಮೇಲೂ ಇರಬಾರದು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದಾರೆ.”

“ನಾನೇನು ಮನೆಯೊಳಗೆ ಸೇದ್ತೀನೇನೇ? ಹಿತ್ತಿಲ ಮೆಟ್ಟಿಲ ಮೇಲೆ ತಾನೇ?”

“ಮೆಟ್ಟಿಲು ಇವಳನ್ನ ಎತ್ಕೊಳ್ಳಲ್ಲ. ನೀನು ಎತ್ಕೊಳ್ತೀಯ.”

“ಆಗಲಿಲ್ಲ ಅಂದ್ರೆ?” ಎಂದು ಅವಳ ತಾಯಿ ಕೇಳಿದಳು, ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು.

“ಆಗಲಿಲ್ಲ ಅಂದ್ರೆ ಇವಳನ್ನ ಇಲ್ಲಿ ಬಿಡಲ್ಲ, ನಮ್ಮತ್ತೆ ಹತ್ರ ಬಿಡ್ತೀನಿ.”

ಆ ಅತ್ತೆಯ ಮನೆ ರೈಲಿನಲ್ಲಿ ಒಂಬತ್ತು ಗಂಟೆಯ ದಾರಿ. ಅಳಿಯ ಬಂದರಿನ ಹೂಳೆತ್ತುವ ಹಡಗಿನಲ್ಲಿದ್ದ, ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಮಗಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿಯ ಕೆಲಸ. ಎರಡೂವರೆ ವರ್ಷದ ಮೊಮ್ಮಗಳನ್ನು ಎಲ್ಲರೂ ಬಟಾಣಿ ಎಂದು ಕರೆಯುತ್ತಿದ್ದರು; ಚಳಿಗಾಲದಲ್ಲಿ ಎರಡು ಸಲ ಆಮ್ಲಜನಕದ ಮುಖವಾಡದ ಕೆಳಗೆ ಮಲಗಿ ಬಂದ ಮಗು ಅದು. ಈಗಲೂ, ಮಾತಿಲ್ಲದ ಆ ಕ್ಷಣದಲ್ಲಿ, ಅದರ ಎದೆಯೊಳಗೆ ಯಾರೋ ತೆಳುವಾದ ಕಾಗದವನ್ನು ನಿಧಾನವಾಗಿ ಹರಿಯುತ್ತಿರುವಂಥ ಸದ್ದು ಎಲ್ಲರಿಗೂ ಕೇಳಿಸಿತು.

“ಬಿಟ್ಟೆ,” ಎಂದ ಅಪ್ಪ. ಜೇಬಿನಿಂದ ಪ್ಯಾಕನ್ನು ತೆಗೆದು ಹೆಂಡತಿಯ ಮುಂದಿಟ್ಟ. ಅಂಗಡಿಯ ಡ್ರಾಯರಿನಲ್ಲಿದ್ದ ಇನ್ನೆರಡನ್ನೂ ತಂದಿಟ್ಟ. ಹೆಂಡತಿ ಮೂರನ್ನೂ ಒಯ್ದು ಕಸದ ಡಬ್ಬಿಯಲ್ಲಿ ಕಾಗದದ ಚೂರುಗಳ ಕೆಳಗೆ ತುರುಕಿದಳು. ಮಗಳು ನಿಂತುಕೊಂಡೇ ಎರಡು ತುತ್ತು ಉಂಡು ಹೊರಟುಹೋದಳು.

ಬೀದಿಯವರಿಗೆ ಅವನು ಬೈಂಡರ್. ಮನೆಯ ಮುಂದಿನ ಎರಡು ಕೋಣೆಗಳೇ ಅಂಗಡಿ: ಕಾಗದ ಕತ್ತರಿಸುವ ಯಂತ್ರ, ತಿರುಪಿನ ಪ್ರೆಸ್ಸು, ಅಂಟಿನ ಡಬ್ಬಿ, ಹೊಲಿಗೆಯ ಚೌಕಟ್ಟು. ಹಿಂದೆ ಸಂಸಾರ. ನಡುವೆ ಕಾಗದ ಪೇರಿಸಿಟ್ಟ ಉಗ್ರಾಣ. ಅದಕ್ಕೆ ಎತ್ತರದಲ್ಲಿ ಅಂಗೈಯಗಲದ ಒಂದೇ ಕಿಂಡಿ. ಎಂಬತ್ತನಾಲ್ಕರ ಅವನ ತಾಯಿ ಮುದ್ರಿತ ಹಾಳೆಗಳನ್ನು ಮಡಿಸುವಳು, ಹೆಂಡತಿ ಹೊಲಿಯುವಳು, ಅವನು ರಟ್ಟು ಕಟ್ಟಿ ಬಟ್ಟೆ ಹೊದಿಸುವನು. ತಾಯಿಗೆ ಓದು ಬಾರದು. ಆದರೆ ಯಾವ ಹಾಳೆ ಯಾವುದರ ಹಿಂದೆ ಕೂರಬೇಕೆಂಬುದನ್ನು ಅಂಚಿನ ಗುರುತುಗಳಿಂದಲೇ ತಿಳಿದು, ಅರವತ್ತು ವರ್ಷ ಒಂದು ಪುಟವನ್ನೂ ತಪ್ಪಿಸದೆ ಜೋಡಿಸಿದವಳು.

ಐವತ್ತೆಂಟರ ಬೈಂಡರ್ ಹಿಂದೆಯೂ ಎರಡು ಸಲ ಸಿಗರೇಟು ಬಿಟ್ಟಿದ್ದ. ಮೊದಲ ಸಲ ಒಂಬತ್ತು ದಿನ. ಎರಡನೆಯ ಸಲ ಒಂದು ಮದುವೆಯ ಊಟ ಮುಗಿಯುವವರೆಗೆ.

ಈ ಸಲ ಹೆಂಡತಿ ಅವನ ಕೈಗೇ ಬಿಡಲಿಲ್ಲ. ಗಿರಾಕಿಯೊಬ್ಬರು ಹೇಳಿದ ವಿಳಾಸ ಹಿಡಿದು ಒಂದು ಚಿಕಿತ್ಸಾಲಯಕ್ಕೆ ಕರೆದೊಯ್ದಳು. ಇಸ್ತ್ರಿ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಕೆಳಗಿನ ಹಬೆ ನೆಲದ ಹಲಗೆಗಳ ಸಂದಿನಿಂದ ಮೇಲೆ ಬರುತ್ತಿತ್ತು. ಅಲ್ಲಿದ್ದ ನಡುವಯಸ್ಸಿನ ಹೆಂಗಸು ಮಾತ್ರೆ ಕೊಡಲಿಲ್ಲ. ಅವನ ಕಿವಿಯ ಮಡಿಕೆಗಳಲ್ಲಿ ಐದು ಸಣ್ಣ ಬೀಜಗಳನ್ನು ಅಂಟುಪಟ್ಟಿಯಿಂದ ಕೂರಿಸಿದಳು. ಆಸೆ ಬಂದಾಗ ಅವನ್ನು ಒತ್ತಬೇಕು. ಬೆಳಿಗ್ಗೆ ಸ್ಟ್ರಾ ಕಚ್ಚಿಕೊಂಡು ಉಸಿರನ್ನು ಉದ್ದಕ್ಕೆ ಬಿಡಬೇಕು. ಸಂಜೆ ಎಣ್ಣೆ ಹನಿಸಿದ ಬಿಸಿನೀರಿನಲ್ಲಿ ಪಾದ ಇಳಿಬಿಡಬೇಕು.

“ಇನ್ನೊಂದು ಇದೆ. ಪೆನ್ನು ಹಿಡೀತೀರಾ?” ಎಂದು ಕೇಳಿದಳು.

“ಬಿಲ್ಲು ಬರೆಯೋಕೆ ಹಿಡೀತೀನಿ.”

“ಹಾಗಾದ್ರೆ ಒಂದು ನೋಟ್‌ಬುಕ್ ಕೊಂಡ್ಕೊಳ್ಳಿ.”

ಹೆಂಡತಿಗೆ ನಗು ತಡೆಯಲಾಗಲಿಲ್ಲ. “ಇವರಿಗೆ ನೋಟ್‌ಬುಕ್ ಕೊಂಡ್ಕೊಳ್ಳಿ ಅಂತೀರಲ್ಲ ಮೇಡಂ! ಬುಕ್ಕಿನ ಮಧ್ಯೆ ನಮಗೆ ಕಾಲಿಡೋಕೆ ಜಾಗ ಇಲ್ಲ.”

ಆ ಹೆಂಗಸು ನಗಲಿಲ್ಲ. “ಆಸೆ ಬಂದಾಗೆಲ್ಲ ಬರೀರಿ. ಚಿತ್ರ ಬರೀಬಹುದು, ಬಣ್ಣ ಬಳೀಬಹುದು, ಏನಾದರೂ ಅಂಟಿಸಬಹುದು. ದಿನಕ್ಕೊಂದು ಸಲ ಮಾತ್ರ ಹೀಗೆ ಮಾಡಿ. ಬಲಗೈಲಿ ನೀವು ಒಂದು ಪ್ರಶ್ನೆ ಕೇಳಿ. ಎಡಗೈಲಿ ಸಿಗರೇಟು ಉತ್ತರ ಬರೀಲಿ.”

“ಎಡಗೈಲಿ ನನಗೆ ಬರೆಯೋಕೆ ಬರಲ್ವಲ್ಲ.”

“ಅದಕ್ಕೇ. ಎಡಗೈಗೆ ಇನ್ನೂ ಸುಳ್ಳು ಹೇಳಿ ಅಭ್ಯಾಸ ಆಗಿರಲ್ಲ.”

ಮನೆಗೆ ಬಂದಾಗ ತಾಯಿ ಅವನ ಕಿವಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. “ಏನೋ ಇದು, ಕಿವೀಲಿ ಸಾಸಿವೆ ಬಿತ್ತಿದಾಳೆ? ಬೆಳೆ ಯಾವಾಗ ಬರುತ್ತಂತೆ?” ಅಂದಿನಿಂದ ಆ ಚಿಕಿತ್ಸೆಯವಳಿಗೆ ಮನೆಯಲ್ಲಿ ಕಿವಿಯಮ್ಮ ಎಂದೇ ಹೆಸರಾಯಿತು.

ಬೈಂಡರ್ ಉಳಿಕೆಯ ಹಾಳೆಗಳನ್ನು ಆಯ್ದು, ತಾನೇ ಮಡಿಸಿ ಹೊಲಿದು, ಬೂದುಬಣ್ಣದ ಕ್ಯಾಲಿಕೊ ಬಟ್ಟೆ ಹೊದಿಸಿ ಪುಸ್ತಕವೊಂದನ್ನು ಕಟ್ಟಿದ. ಅವನು ತನಗೆಂದು ಕಟ್ಟಿಕೊಂಡ ಮೊದಲ ಪುಸ್ತಕ ಅದು.

ಮೊದಲ ದಿನಗಳು ಮನೆಮಂದಿಗೆಲ್ಲ ಕಷ್ಟದವಾಗಿದ್ದವು. ಅವನು ಅಂಟು ಕಲಸಿ ಮರೆತ, ಒಂದು ಶಾಲೆಯ ಹಾಜರಿ ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಕೂರಿಸಿದ, ಗಂಜಿ ಬಿಸಿಯಿಲ್ಲವೆಂದು ಬಟ್ಟಲು ಸರಿಸಿದ.

“ಬಾಯಿ ಸುಡೋ ಹಾಗೆ ಬಿಸಿ ಇದೆ,” ಎಂದಳು ಹೆಂಡತಿ. “ಕಿವಿ ಒತ್ಕೊಳ್ಳಿ.”

“ಒತ್ತಿ ಒತ್ತಿ ಕಿವಿ ಊದಿದೆ.”

“ಊದಲಿ. ಕಿವಿಯಿಂದ ಯಾರೂ ಸೇದಲ್ಲ.”

ಹೇಳಿದಂತೆ ಅವನು ದಿನವೂ ಬೆಳಗಿನ ಚಹಾದ ನಂತರ ಪುಸ್ತಕ ಬಿಡಿಸುತ್ತಿದ್ದ. ಬಲಗೈ ಕೇಳಿತು: *ಏನು ಬೇಕು?* ಎಡಗೈ ನಡುಗುತ್ತ, ಒಂದೊಂದು ಅಕ್ಷರಕ್ಕೂ ನಿಂತು, ಹಿಂದಕ್ಕೆ ಒರಗಿದ ಸೊಟ್ಟ ಬರಹದಲ್ಲಿ ಬರೆಯಿತು: *ಒಂದು.* ಅವನಿಗೆ ನಗು ಬಂತು. ನಾಲ್ಕನೆಯ ದಿನ ಕೈ ಅಷ್ಟು ನಡುಗಲಿಲ್ಲ. ಏಳನೆಯ ದಿನ ಬಲಗೈ ಕೇಳಿತು: *ಯಾರು ನೀನು?* ಎಡಗೈ ತಡೆಯಿಲ್ಲದೆ ಬರೆಯಿತು: *ನಿನಗಿಂತ ಮೊದಲು ಬಂದವನು.*

ಅವನು ಪೆನ್ಸಿಲನ್ನು ಕೆಳಗಿಟ್ಟ. ಆ ಮಾತನ್ನು ತಾನು ಯೋಚಿಸಿರಲಿಲ್ಲ. ತಂಬಾಕು ಮನುಷ್ಯರೆಲ್ಲರಿಗಿಂತ ಹಳೆಯ ಗಿಡ, ಅದನ್ನೇ ಬರೆದಿರಬೇಕು ಎಂದುಕೊಂಡ. ಆದರೂ ಆ ಮುಂಜಾನೆ ಅಂಗಡಿಯ ಬಾಗಿಲು ತೆರೆಯುವಾಗ ಬೀಗದ ಕೈಯನ್ನು ಬಲಗೈಯಲ್ಲೇ ಹಿಡಿದ. ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಹತ್ತನೆಯ ದಿನ ತಿಂಡಿಯ ಹೊತ್ತಿನಲ್ಲಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಬ್ರೆಡ್ಡಿನ ತಟ್ಟೆ ಇಡಲು ಬಂದ ತಾಯಿ ಅದರ ಮೇಲೆ ಬಗ್ಗಿದಳು. ಕನ್ನಡಕವನ್ನು ಸೆರಗಿನಿಂದ ಒರೆಸಿ ಮತ್ತೆ ಬಗ್ಗಿದಳು.

“ಇದು ದೊಡ್ಡೋನ ಬರಹ,” ಎಂದಳು.

ದೊಡ್ಡೋನು ಎಂದರೆ ಬೈಂಡರನ ಅಣ್ಣ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಎದೆಗೆ ಕಫ ಕಟ್ಟಿ ಮೂರೇ ದಿನದಲ್ಲಿ ಹೋದವನು. ಹೋಗಿ ನಲವತ್ತೊಂದು ವರ್ಷವಾಗಿತ್ತು. ಅವನು ಎಡಚ. ಕಟ್ಟಿದ ಪುಸ್ತಕಗಳ ಹೊರೆಗೆ ಗಿರಾಕಿಯ ಚೀಟಿ ಬರೆದು ಸಿಕ್ಕಿಸುವುದು ಅವನ ಕೆಲಸ. ಅವನು ಬರೆದದ್ದೆಲ್ಲ ಹೊರೆಗಳ ಜೊತೆಗೇ ಹೋಯಿತು. ಹೋಲಿಸಿ ನೋಡಲು ಆ ಮನೆಯಲ್ಲಿ ಒಂದು ಚೂರು ಕಾಗದವೂ ಉಳಿದಿರಲಿಲ್ಲ. ಪ್ರೆಸ್ಸಿನ ಹಿಂದೆ ಕೂತು ತಮ್ಮನ ತುಟಿಗೆ ಮೊದಲ ಸಿಗರೇಟು ಇಟ್ಟವನೂ ಅವನೇ.

“ಅಲ್ಲ ಅತ್ತೆ,” ಎಂದಳು ಸೊಸೆ. “ಎಡಗೈಲಿ ಬರೆದ್ರೆ ಯಾರ ಅಕ್ಷರವೂ ಹೀಗೇ ಹಿಂದಕ್ಕೆ ಮಲಗುತ್ತೆ. ನಾನು ಬರೆದ್ರೂ ಹಾಗೇ.”

“ನೀನು ಬರೆದ್ರೆ ಹಾಗಿರುತ್ತೋ ಏನೋ. ಇದು ಅವನದು. ಓದೋಕೆ ಬರದವಳು ಅಕ್ಷರದ ಮುಖಾನೇ ನೋಡ್ತಾಳೆ ಕಣೇ, ಅರ್ಥ ನೋಡಲ್ಲ. ಏನು ಬರೆದಿದಾನೋ? ಓದು.”

ಬೈಂಡರ್ ಅಂದು ತಪ್ಪು ಮಾಡಿದ. ಬರೆದದ್ದನ್ನು ಬರೆದ ಹಾಗೆಯೇ ಓದಿದ.

“‘ಒಂದು ಕೊಡು. ಬಹಳ ದಿನ ಆಯ್ತು.’”

ತಾಯಿ ಬ್ರೆಡ್ಡಿನ ಮೇಲಿನ ಬಟ್ಟೆ ಸರಿಸಿ, ಎಲ್ಲರಿಗೂ ಬಡಿಸಿದಳು. ಅಂದು ಅವಳು ಬಡಿಸಿದ ತಟ್ಟೆಗಳು ನಾಲ್ಕು.

“ಯಾರಿಗೆ ಅತ್ತೆ ಇದು?”

“ಲೆಕ್ಕ ತಪ್ಪಿತು,” ಎಂದು ಅವಳು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಅರವತ್ತು ವರ್ಷದಲ್ಲಿ ಒಂದು ಹಾಳೆಯ ಲೆಕ್ಕ ತಪ್ಪದವಳು.

ಮೂರನೆಯ ವಾರದ ಹೊತ್ತಿಗೆ ಬೈಂಡರನ ಕೆಮ್ಮು ಇಳಿದಿತ್ತು, ಅನ್ನದ ರುಚಿ ತಿಳಿಯತೊಡಗಿತ್ತು. ಪರದೆಗಳನ್ನು ಹೆಂಡತಿ ಎರಡು ಸಲ ಒಗೆದು ಒಣಗಿಸಿದ್ದಳು. ಗೋಡೆಗಳನ್ನು ಸಾಬೂನಿನ ನೀರಿನಲ್ಲಿ ಒರೆಸಿದಾಗ ಬಟ್ಟೆಗೆ ಹಳದಿ ಹತ್ತಿತ್ತು. ನಲವತ್ತು ವರ್ಷದ ಉಸಿರು ಬಕೆಟ್ಟಿನಲ್ಲಿ ಕದಡಿ ನಿಂತಿದ್ದನ್ನು ಅವಳು ಗಂಡನಿಗೆ ಕರೆದು ತೋರಿಸಿದ್ದಳು. ಅದೇ ವಾರದ ಒಂದು ಸಂಜೆ, ತರಕಾರಿ ತಂದು ಒಳಗೆ ಬಂದವಳು ನಡುಕೋಣೆಯಲ್ಲಿ ನಿಂತುಬಿಟ್ಟಳು.

“ಸೇದಿದೀರಾ?”

“ಇಲ್ಲ.”

“ನನ್ನ ಮೂಗಿಗೆ ಮಂಕುಬೂದಿ ಎರಚಬೇಡಿ. ಸೇದಿದೀರಿ.”

“ನಿನ್ನಾಣೆ ಇಲ್ಲ ಕಣೇ! ಮಧ್ಯಾಹ್ನ ಮಲಗಿ ಎದ್ದ ಮೇಲೆ ಕಟಿಂಗ್ ಮಷಿನ್ ಬಿಟ್ಟು ಕದಲಿಲ್ಲ.”

“ನನ್ನಾಣೆ ಇಡಬೇಡಿ. ನಾನು ಇನ್ನೂ ಸ್ವಲ್ಪ ದಿನ ಬದುಕಬೇಕು.”

ಅವನು ಮೂಸಿದ. ನಿಜ, ವಾಸನೆಯಿತ್ತು. ಹಳೆಯ ಜಿಡ್ಡು ವಾಸನೆಯಲ್ಲ, ಈಗತಾನೆ ಆರಿದ್ದರ ವಾಸನೆ. ತಾಯಿ ಒಲೆಯ ಮುಂದೆ ಬೆನ್ನು ಮಾಡಿ ಆಲೂಗಡ್ಡೆ ಸುಲಿಯುತ್ತಿದ್ದಳು. ಮರುದಿನವೂ ವಾಸನೆ ಇತ್ತು, ಅದರ ಮರುದಿನವೂ. ಹೆಂಡತಿ ಅವನ ಜೇಬುಗಳನ್ನು ಹೊರಳಿಸಿದಳು, ಅಂಟಿನ ಡಬ್ಬಿಗಳ ಹಿಂದೆ ತಡಕಿದಳು, ಏನೂ ಸಿಗದೆ ಅವನ ಜೊತೆ ಮಾತು ಬಿಟ್ಟಳು. ಅನ್ನ ಬಡಿಸುವಾಗ ಸೌಟಿನ ಸದ್ದೇ ಅವಳ ಮಾತಾಯಿತು.

ಅವನಿಗೆ ಈಗ ಬೇರೊಂದು ಭಯ. ಪುಸ್ತಕ ತೆರೆದಾಗಲೆಲ್ಲ ತಾನು ಬರೆದಂತೆ ನೆನಪಿರುವುದಕ್ಕಿಂತ ಒಂದೆರಡು ಪುಟ ಹೆಚ್ಚಿಗೆ ತುಂಬಿರುತ್ತಿದ್ದವು. ಪ್ರಶ್ನೆಯಿಲ್ಲದ ಉತ್ತರಗಳು. *ದಾರಕ್ಕೆ ಮೇಣ ಹಾಕು. ಹಳೇ ಪ್ರೆಸ್ಸು ಮಾರಬೇಡ. ಇಲ್ಲಿ ಕತ್ತಲೆ ಅಲ್ಲ, ತಣ್ಣಗೆ.* ವಯಸ್ಸಿನ ಮರೆವು ಎಂದುಕೊಂಡ. ಆಮೇಲೆ ತನ್ನ ಎಡಗೈ ಬೆರಳುಗಳನ್ನು ಮೂಸಿದ. ಅಂಟು, ದಾರದ ಮೇಣ, ಅವುಗಳ ಕೆಳಗೆ ಎಲ್ಲೋ ಹೊಗೆ. ತನಗೇ ತಿಳಿಯದಂತೆ ಈ ಕೈ ಸೇದುತ್ತಿದೆಯೇ? ಮರುದಿನದಿಂದ ಅವನು ಎಡಗೈಗೆ ಹತ್ತಿಯ ಕೈಗವಸು ಹಾಕಿಕೊಂಡು ಕೆಲಸ ಮಾಡತೊಡಗಿದ.

“ಏನಾಯ್ತೋ ಕೈಗೆ?” ಎಂದಳು ತಾಯಿ.

“ಅಂಟು ಒಗ್ಗುತ್ತಿಲ್ಲ.”

“ಚಳಿ ಆಗ್ತಿದೆಯೇನೋ ಅದಕ್ಕೆ,” ಎಂದಳು ಅವಳು. ಆ ಕೈಯನ್ನೇ ನೋಡುತ್ತಿದ್ದಳು.

ನಾಲ್ಕನೆಯ ವಾರ ಮಗಳು ಬಂದಳು. ಹೊಸ್ತಿಲಲ್ಲೇ ಅವಳ ಮುಖ ಸೆಟೆದುಕೊಂಡಿತು. ಬಟಾಣಿ “ತಾತ” ಎಂದು ಕೈಚಾಚಿ ಬಗ್ಗಿದರೆ, ಮಗಳು ಮಗುವಿನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು.

“ಬಿಟ್ಟಿದೀನಿ ಕಣೇ,” ಎಂದ ಅಪ್ಪ. “ಯಾರನ್ನ ಬೇಕಾದ್ರೂ ಕೇಳು.”

“ಯಾರನ್ನೂ ಕೇಳಲ್ಲ. ಇವಳ ಎದೇನ ಕೇಳ್ತೀನಿ. ಎರಡು ವಾರ ಇದೆ. ನಮ್ಮತ್ತೇಗೆ ಫೋನ್ ಮಾಡಿ ಆಗಲೇ ಹೇಳಿದೀನಿ, ಮಂಚ ಖಾಲಿ ಮಾಡಿಸ್ತಿದಾರೆ.”

ಬಾಗಿಲು ಮುಚ್ಚಿದ ಮೇಲೂ ಬೀದಿಯಲ್ಲಿ ಮಗುವಿನ ಕೆಮ್ಮು ಸ್ವಲ್ಪ ದೂರದವರೆಗೆ ಕೇಳಿಸಿತು. ಮುದುಕಿ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

ಬೈಂಡರ್ ಕಿವಿಯಮ್ಮನ ಬಳಿಗೆ ಒಬ್ಬನೇ ಹೋದ. ಕೈಗವಸು ತೆಗೆದು, ನಾಚಿಕೆ ಬಿಟ್ಟು, ಎಲ್ಲವನ್ನೂ ಹೇಳಿದ. ಅವಳು ಒಂದು ಪುಟ್ಟ ಯಂತ್ರದ ಕೊಳವೆಯನ್ನು ಅವನ ಬಾಯಿಗಿಟ್ಟು ಊದಿಸಿದಳು. ತೋರಿದ ಅಂಕಿಯನ್ನು ಎರಡು ಸಲ ನೋಡಿದಳು.

“ನಿಮ್ಮ ಎದೆಯೊಳಗೆ ಹೊಗೆ ಹೋಗಿಲ್ಲ. ಈ ಒಂದೆರಡು ದಿನದಲ್ಲಂತೂ ಹೋಗಿಲ್ಲ.”

“ಮತ್ತೆ ಮನೇಲಿ ವಾಸನೆ?”

“ನಿಮ್ಮದಲ್ಲ ಅಂತ ಮಾತ್ರ ಹೇಳಬಲ್ಲೆ,” ಎಂದಳು. ಪುಸ್ತಕದ ಪುಟ ತಿರುವುತ್ತ ಅವಳ ಕೈ ನಿಧಾನವಾಯಿತು. “ಇದನ್ನ ಸ್ವಲ್ಪ ದಿನ ಮುಚ್ಚಿಡಿ. ನಾನು ಕೊಟ್ಟ ಅಭ್ಯಾಸ ಇಷ್ಟು ದೂರ ಹೋಗೋದಲ್ಲ.”

ಅಂದು ಅವನು ಹೇಳಿದ್ದ ಹೊತ್ತಿಗಿಂತ ಮೊದಲೇ ಮನೆ ಸೇರಿದ. ಬಿಸಿಲಿನ್ನೂ ಇಳಿದಿರಲಿಲ್ಲ. ಹೆಂಡತಿ ಗಿರಾಕಿಯ ಮನೆಗೆ ಹೊರೆ ಮುಟ್ಟಿಸಲು ಹೋಗಿದ್ದಳು. ಉಗ್ರಾಣದ ಬಾಗಿಲ ಕೆಳಗಿನ ಸಂದಿನಿಂದ ನೀಲಿ ಎಳೆಯೊಂದು ಹೊರಬಂದು, ನೆಲದ ಮೇಲೆ ಏನನ್ನೋ ಹುಡುಕುವಂತೆ ಹರಿದಾಡುತ್ತಿತ್ತು. ಒಳಗಿನಿಂದ ತಾಯಿಯ ದನಿ, ಮಗುವಿಗೆ ಊಟ ಮಾಡಿಸುವಾಗಿನ ದನಿ.

ಅವನು ಬಾಗಿಲು ತಳ್ಳಿದ. ಕಾಗದದ ಪೇರಿಕೆಗಳ ನಡುವೆ, ಕಿಂಡಿಯಿಂದ ಇಳಿದ ಬೆಳಕಿನ ಕೋಲಿನಡಿ, ಅವಳು ಕೂತಿದ್ದಳು. ಮುಂದೆ ಒಂದು ತಟ್ಟೆ. ಹೊಲಿಯುವಾಗ ಬೆರಳಿಗೆ ತೊಡುವ ಲೋಹದ ಅಂಗುಸ್ತಾನದಲ್ಲಿ ಸಿಗರೇಟೊಂದು ನೆಟ್ಟಗೆ ನಿಂತು ಉರಿಯುತ್ತಿತ್ತು. ಅವನು ನೋಡುತ್ತಿದ್ದಂತೆ ಅವಳು ಅದನ್ನು ಎತ್ತಿ ತುಟಿಗಿಟ್ಟು, ಒಂದು ದಮ್ಮು ಎಳೆದು, ಕೆಮ್ಮನ್ನು ನುಂಗಿ ಮತ್ತೆ ಅಲ್ಲೇ ನಿಲ್ಲಿಸಿದಳು.

“ಅಮ್ಮ! ಕಾಗದದ ಮಧ್ಯೆ! ಏನ್ ಮಾಡ್ತಿದೀಯ?”

ಅವಳು ಬೆಚ್ಚಲಿಲ್ಲ. “ಅವನಿಗೆ ಒಬ್ಬನಿಗೇ ಎಳೆಯೋಕೆ ಆಗಲ್ಲ ಕಣೋ. ನಾನು ಎಳೀದಿದ್ರೆ ಆರಿಹೋಗುತ್ತೆ.”

“ಎಲ್ಲಿತ್ತು ಇದು ನಿನಗೆ?”

“ಅವಳು ಕಸಕ್ಕೆ ಹಾಕಿದ್ಲಲ್ಲ ಮೂರು ಪ್ಯಾಕು. ದುಡ್ಡು ಕೊಟ್ಟಿದ್ದು ಅಂತ ಅವತ್ತೇ ಎತ್ತಿಟ್ಕೊಂಡಿದ್ದೆ. ದಿನಕ್ಕೊಂದೇ ಕೊಡ್ತಿದ್ದೆ. ಈಗ ಎರಡು ಬೆರಳು ಎತ್ತಿ ಎರಡು ಕೇಳ್ತಾನೆ.”

“ಯಾರಮ್ಮ ಕೇಳೋದು? ಬರೆಯೋನು ನಾನು!”

“ಬೆಳಿಗ್ಗೆ ನೀನು. ಮಧ್ಯಾಹ್ನ ಉಂಡು ಬೆಂಚಿನ ಮೇಲೆ ಮಲಗ್ತೀಯಲ್ಲ, ಆಗ ಅವನು. ನಾನು ಪುಸ್ತಕ ಕೆಳಗಿಡ್ತೀನಿ, ಬೆರಳಿನ ಮಧ್ಯೆ ಪೆನ್ಸಿಲ್ ಇಡ್ತೀನಿ, ಅಷ್ಟೇ. ನೀನು ಗೊರಕೆ ಹೊಡೀತಿರ್ತೀಯ. ಅವನು ಬರೀತಿರ್ತಾನೆ. ಕೈಗವಸು ಹಾಕಿದ ಮೇಲೆ ಬಿಚ್ಚೋದೇ ಒಂದು ಕೆಲಸ ಆಗಿದೆ ನನಗೆ.”

ಬೈಂಡರ್ ಕಾಗದದ ಪೇರಿಕೆಯನ್ನು ಹಿಡಿದು ನಿಂತ. ಸಿಗರೇಟಿನ ತುದಿಯ ಬೂದಿ ಉದ್ದವಾಗಿ ಬಾಗಿ, ಬೀಳದೆ ನಿಂತಿತ್ತು. ಅವನ ಬಾಯಲ್ಲಿ ನೀರೂರಿತು. ಅವನು ಬಲಗೈ ಚಾಚಿ ಅದನ್ನು ತಟ್ಟೆಗೆ ಒತ್ತಿ ಆರಿಸಿದ. ಆರಿಸುವಾಗ ಎಡಗೈಯ ಬೆರಳುಗಳು ತಮ್ಮಷ್ಟಕ್ಕೆ ಮಡಿಚಿಕೊಂಡವು.

ಸಂಜೆ ಹೆಂಡತಿಗೆ ಎಲ್ಲವೂ ತಿಳಿಯಿತು. ಒಲೆಯ ಮೇಲೆ ಬೇಳೆ ಉಕ್ಕಿ ಹರಿದರೂ ಯಾರೂ ಅತ್ತ ಹೋಗಲಿಲ್ಲ.

“ನಾನು ಇವರ ಜೇಬು ಹುಡುಕಿದೆ, ಮಾತು ಬಿಟ್ಟೆ, ಕಳ್ಳನ ಹಾಗೆ ನೋಡಿದೆ. ನೀವು ನೋಡ್ತಾ ಕೂತಿದ್ರಲ್ಲ ಅತ್ತೆ! ಒಂದು ಮಾತು ಹೇಳೋಕೆ ಆಗಲಿಲ್ವಾ?”

“ಹೇಳಿದ್ರೆ ನಿಲ್ಲಿಸ್ತಿದ್ದೆ ನೀನು.”

“ನಿಲ್ಲಿಸ್ತಿದ್ದೆ! ಆ ಮಗು ನೀಲಿ ತಿರುಗಿದ್ದನ್ನ ನೀವೂ ನೋಡಿದೀರಿ. ಮುಖವಾಡ ಹಾಕಿದಾಗ ಪಕ್ಕದಲ್ಲೇ ಇದ್ರಿ. ಇರೋ ಕೂಸಿಗೆ ಉಸಿರು ಬೇಡ್ವಾ?”

“ಹೋದೋನೂ ಉಸಿರು ಸಿಗದೇ ಹೋದ,” ಎಂದಳು ಮುದುಕಿ. “ಮೂರು ದಿನ ನನ್ನ ಮುಖ ನೋಡ್ತಾ ಹೋದ. ನಾನೇನು ಕೊಟ್ಟೆ ಅವನಿಗೆ? ಬಿಸಿನೀರು ಕೊಟ್ಟೆ. ಈಗ ಬಾಯಿಬಿಟ್ಟು ಕೇಳ್ತಿದಾನೆ. ಕೇಳಿದ್ದನ್ನ ಕೊಟ್ಟೆ.”

ಸೊಸೆ ಹೋಗಿ ಒಲೆ ಆರಿಸಿ, ಚೆಲ್ಲಿದ್ದನ್ನು ಒರೆಸತೊಡಗಿದಳು. ಒರೆಸುತ್ತಲೇ ಹೇಳಿದಳು: “ಆ ಪುಸ್ತಕ ಸುಟ್ಟುಹಾಕಿ.”

“ಸುಟ್ರೆ ಮತ್ತೆ ಹೊಗೆ ತಾನೇ,” ಎಂದ ಬೈಂಡರ್. ಯಾರಿಗೂ ನಗು ಬರಲಿಲ್ಲ.

“ಅವನನ್ನೇ ಕೇಳೋಣ,” ಎಂದಳು ಮುದುಕಿ. “ಕೂಸು ಬರುತ್ತೆ ಅಂತ ಹೇಳು. ಅವನು ಸಾಕು ಅಂದ್ರೆ ನಾನೂ ಸಾಕು ಅಂತೀನಿ.”

ಮರುದಿನ ಬೆಳಿಗ್ಗೆ ಚಹಾದ ಲೋಟಗಳನ್ನು ಸರಿಸಿ ಮೂವರೂ ಮೇಜಿನ ಸುತ್ತ ಕೂತರು. ಹೊರಗೆ ಹಾಲಿನ ಗಾಡಿ ಹೋಯಿತು, ಯಾರದೋ ರೇಡಿಯೋದಲ್ಲಿ ಹವಾಮಾನ ವರದಿ ಬರುತ್ತಿತ್ತು. ಬೈಂಡರ್ ಬಲಗೈಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಗಟ್ಟಿಯಾಗಿ ಓದಿದ: “‘ಮಗು ಇಲ್ಲಿರೋಕೆ ಬರ್ತಾಳೆ. ಅವಳಿಗೆ ಹೊಗೆ ಆಗಲ್ಲ. ಇನ್ನು ಸಾಕಲ್ಲ?’”

ಪೆನ್ಸಿಲನ್ನು ಎಡಗೈಗೆ ವರ್ಗಾಯಿಸಿದ. *ಸಾಕು* ಎಂದು ಬರೆಯುವುದೆಂದು ಮೊದಲೇ ನಿಶ್ಚಯಿಸಿದ್ದ. ಆ ಎರಡಕ್ಷರವನ್ನು ಕಣ್ಣಮುಂದೆ ಬರಿಸಿಕೊಂಡು ಮೊನೆಯನ್ನು ಕಾಗದಕ್ಕೆ ಮುಟ್ಟಿಸಿದ. ಕೈ ಆ ದಾರಿ ಹಿಡಿಯಲಿಲ್ಲ. ಕಾಗದ ತೂತಾಗುವಷ್ಟು ಒತ್ತಿ, ಒಂದೇ ಪದ ಬರೆದು ನಿಂತಿತು: *ಇನ್ನೊಂದು.*

ಹೆಂಡತಿ ಆ ಪದವನ್ನು ನೋಡಿದಳು.

“ಏನಂತೆ?” ಎಂದಳು ಮುದುಕಿ.

ಬೈಂಡರ್ ಪುಸ್ತಕದ ಮೇಲೆ ಬಗ್ಗಿ ಓದಿದ. “‘ಸಾಕಮ್ಮ,’ ಅಂತ ಬರೆದಿದಾನೆ. ‘ಮಗು ಬರಲಿ. ಇನ್ನು ನೀನು ಹೊತ್ತಿಸಬೇಡ. ನನಗೆ ಇಲ್ಲಿ ಏನೂ ಕಷ್ಟ ಇಲ್ಲ. ನಾನು ಹೊರಡ್ತೀನಿ.’”

“ಹೌದು ಅತ್ತೆ,” ಎಂದಳು ಹೆಂಡತಿ, ಮೇಜಿನ ಅಂಚನ್ನು ನೋಡುತ್ತ. “ಹಾಗೇ ಬರೆದಿದೆ.”

ಮುದುಕಿ ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡಳು. ಹಾಳೆ ಮಡಿಸಿ ಮಡಿಸಿ ಸವೆದ ತೋರುಬೆರಳನ್ನು ಆ ಒಂದು ಪದದ ಆದಿಯಿಂದ ಅಂತ್ಯದವರೆಗೆ ಎಳೆದಳು. ಆಮೇಲೆ ಖಾಲಿ ಉಳಿದ ಪುಟದ ಮೇಲೂ ಎಳೆದಳು.

“ಇಷ್ಟೇ ಬರೆದ,” ಎಂದಳು. “ನೀನು ಅಷ್ಟುದ್ದ ಓದಿದೆ. ಅವಳು ಹೌದು ಅಂದಳು.”

ಬೈಂಡರ್ ಪುಸ್ತಕ ಮುಚ್ಚಲು ಬಲಗೈ ಚಾಚಿದ, ಅವಳು ಬಿಡಲಿಲ್ಲ.

“ಹುಟ್ಟಿದಾಗಿಂದ ಹಾಗೇ ಅವನು. ಏನು ಕೊಟ್ಟರೂ ಸಾಕು ಅಂದವನಲ್ಲ. ಸಾಕು ಅಂತ ಬರೆದಿದ್ರೆ ಅವನಲ್ಲ ಅಂತಿದ್ದೆ ನಾನು.”

ಅವಳು ಮೇಜಿನ ಮೇಲಿದ್ದ ಮಗನ ಎಡಗೈಯನ್ನು ತನ್ನೆರಡು ಕೈಗಳಿಂದ ಎತ್ತಿಕೊಂಡಳು. ಬೈಂಡರನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದಳು. ಪೆನ್ಸಿಲನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಅದು ಸುಲಭವಾಗಿ ಬಿಡಲಿಲ್ಲ. ಬೈಂಡರ್ ಬಿಗಿಹಿಡಿದಿರಲಿಲ್ಲ; ಭುಜದಿಂದ ಕೆಳಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ.

“ಇಲ್ಲ ಕಣೋ ದೊಡ್ಡೋನೇ,” ಎಂದಳು ತಾಯಿ. ಕಿರುಬೆರಳನ್ನು ಮಡಿಸಿದಳು. “ಮುಗೀತು. ಇನ್ನಿಲ್ಲ.” ಉಂಗುರದ ಬೆರಳು. “ನಿನಗೆ ಕೊಟ್ಟರೆ ಕೂಸಿಗೆ ಉಸಿರಿಲ್ಲ.” ನಡುಬೆರಳು. “ನೀನು ಅತ್ತರೂ ಇಲ್ಲ.” ತೋರುಬೆರಳು ಎರಡು ಸಲ ಮತ್ತೆ ತೆರೆದುಕೊಂಡಿತು. ಎರಡು ಸಲವೂ ಅವಳು ಬೇಸರಿಸದೆ ಮಡಿಸಿದಳು. ಆಮೇಲೆ ಆ ಮುಷ್ಟಿಯನ್ನು ತನ್ನ ಎದೆಗೆ ಒತ್ತಿಕೊಂಡು, ಚಹಾ ಪೂರ್ತಿ ಆರುವವರೆಗೆ ಕೂತಳು. ಕೊನೆಗೆ ಕೈ ಸಡಿಲವಾಯಿತು. ಬೈಂಡರನಿಗೆ ತನ್ನ ಬೆರಳುಗಳು, ಅವುಗಳ ಮೇಲೆ ತಾಯಿಯ ಒಣ ಅಂಗೈಯ ಬಿಸಿ, ಒಟ್ಟಿಗೇ ತಿಳಿದವು.

ಉಳಿದ ಪ್ಯಾಕನ್ನು ಅವಳೇ ತಂದು ಸೊಸೆಯ ಕೈಗಿತ್ತಳು. “ಈ ಸಲ ನೀರಿನಲ್ಲಿ ನೆನೆಸಿ ಎಸಿ. ನನ್ನ ಮೇಲೆ ನನಗೆ ನಂಬಿಕೆ ಇಲ್ಲ.”

ಬೈಂಡರ್ ಪುಸ್ತಕದ ಹೊಲಿಗೆಯನ್ನು ಬಿಚ್ಚಿದ. ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಪ್ರೆಸ್ಸಿನಲ್ಲಿ ನಾಲ್ಕು ದಿನ ಬಿಗಿದು, ರಟ್ಟು ಮಾಡಿದ. ಉಳಿಕೆ ಕಾಗದವನ್ನು ಅವನ ಕಸುಬಿನಲ್ಲಿ ಯಾರೂ ಎಸೆಯುವುದಿಲ್ಲ. ಆ ರಟ್ಟು ಅದೇ ವಾರ ಯಾವುದೋ ಪುಸ್ತಕದ ಬೆನ್ನಿಗೆ ಹೊಂದಿಕೊಂಡು, ಕ್ಯಾಲಿಕೊ ಹೊದ್ದು, ಗಿರಾಕಿಯೊಬ್ಬರ ಮನೆಗೆ ಹೋಯಿತು. ಯಾವ ಪುಸ್ತಕವೆಂದು ಅವನು ಬೇಕೆಂದೇ ನೆನಪಿಟ್ಟುಕೊಳ್ಳಲಿಲ್ಲ.

ಆರನೆಯ ವಾರದ ಕೊನೆಯ ದಿನ ಮಗಳು ಬಂದಳು. ಪರದೆ ಮೂಸಿದಳು, ದಿಂಬು ಮೂಸಿದಳು. ಉಗ್ರಾಣದ ಬಾಗಿಲು ತೆರೆದು ಒಳಗೆ ಬಹಳ ಹೊತ್ತು ನಿಂತಳು. ಹೊರಬಂದು ಅಪ್ಪನ ಕಾಲರಿಗೆ ಮುಖ ಹಚ್ಚಿದವಳು ಅಲ್ಲೇ ಉಳಿದಳು. ಅವಳು ಅಳುತ್ತಿದ್ದಾಳೆಂದು ಅವನಿಗೆ ಅಂಗಿ ಒದ್ದೆಯಾದ ಮೇಲೆ ತಿಳಿಯಿತು.

“ಅಂಟಿನ ವಾಸನೆ,” ಎಂದಳು. “ಬರೀ ಅಂಟಿನ ವಾಸನೆ, ಅಪ್ಪ.”

ಮಗುವನ್ನು ನೆಲಕ್ಕಿಳಿಸಿದಳು. ಎರಡು ಚೀಲ ಬಟ್ಟೆ, ಔಷಧಿಯ ಡಬ್ಬಿ, ಒಂದು ಕಾಲಿಲ್ಲದ ಬೊಂಬೆ, ಎಲ್ಲವನ್ನೂ ಒಳಗಿಟ್ಟು ಪಾಳಿಗೆ ಹೊತ್ತಾಯಿತೆಂದು ಹೊರಟಳು. ಬಟಾಣಿ ಸ್ವಲ್ಪ ಹೊತ್ತು ಬಾಗಿಲ ಬಳಿ ಅತ್ತು, ರಟ್ಟಿನ ಚೂರುಗಳನ್ನು ಜೋಡಿಸಿ ಆಡಿ, ಮಧ್ಯಾಹ್ನದ ಅನ್ನ ಉಂಡು ತಾತನ ಮಡಿಲಿಗೆ ಬಂದಿತು. ನಿದ್ದೆಯ ಭಾರದಲ್ಲಿ ಅದರ ತಲೆ ಅವನ ಎಡತೋಳಿಗೆ ಒರಗಿತು.

“ಆ ಕೈಲಿ ಹಿಡೀಬೇಡಿ,” ಎಂದಳು ಹೆಂಡತಿ, ತಟ್ಟೆ ತೊಳೆಯುತ್ತಿದ್ದವಳು ತಟ್ಟನೆ ತಿರುಗಿ.

“ಹಿಡೀಲಿ ಬಿಡೇ,” ಎಂದಳು ಮುದುಕಿ. ಅವಳು ಅಂಗಡಿಯ ಬಾಗಿಲಲ್ಲಿ ಹಾಳೆ ಮಡಿಸುತ್ತಿದ್ದಳು, ತಲೆ ಎತ್ತಲಿಲ್ಲ. “ಅವನಿಗೂ ಕೂಸು ಅಂದ್ರೆ ಆಸೆ ಇತ್ತು.”

ಮಗುವಿನ ಎದೆಯ ಸದ್ದಿಗೆ ಮೂವರೂ ಕಿವಿಗೊಟ್ಟರು. ಹರಿಯುವ ಕಾಗದದ ಸದ್ದು ಇರಲಿಲ್ಲ. ಉಸಿರು ಬಂತು, ಹೋಯಿತು, ಬಂತು. ತೋಳು ಜೋಮು ಹಿಡಿಯಿತು. ಮಗು ಎದ್ದೀತೆಂದು ಬೈಂಡರ್ ಅದನ್ನು ಕದಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಭುಜದಿಂದ ಕೆಳಗೆ ಅವನಿಗೆ ಏನೂ ತಿಳಿಯದಾಯಿತು. ಆಗ, ಅವನು ನೋಡುತ್ತಿದ್ದಂತೆಯೇ, ಆ ಕೈಯ ಬೆರಳುಗಳು ಮಗುವಿನ ಬೆನ್ನ ಮೇಲೆ ಮೆಲ್ಲಗೆ ಎದ್ದು, ಅಭ್ಯಾಸವಿಲ್ಲದವರ ಹಾಗೆ ಮೊದಲು ತಾಳ ತಪ್ಪಿ, ಆಮೇಲೆ ಉಸಿರಿಗೆ ಸರಿಯಾಗಿ, ತಟ್ಟತೊಡಗಿದವು.